ಹುಳದ ಮನೆಯ ಸುಣ್ಣದ ಗೆರೆ

ನಮ್ಮ ಮಹಡಿಗೆ ಬಾಡಿಗೆಗೆ ಬಂದ ಇಬ್ಬರು ಹುಡುಗರನ್ನು ಮೊದಲ ಸಲ ಕಂಡಾಗ ನನಗೆ ನಗು ಬಂತು. ಉರಿಬಿಸಿಲಿನಲ್ಲಿ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕತ್ತಿಗೆ ಬಿಗಿದ ಟೈ, ಜೇಬಿನ ಮೇಲೊಂದು ಕಪ್ಪು ಬಿಲ್ಲೆ. ಒಬ್ಬನ ಬಿಲ್ಲೆಯಲ್ಲಿ ಎಲ್ಡರ್ ಸೂರಾಡ, ಇನ್ನೊಬ್ಬನದರಲ್ಲಿ ಎಲ್ಡರ್ ಜೆಬರಾಜ್. ಎಲ್ಡರ್ ಅಂದರೆ ಹಿರಿಯ ಎಂದರ್ಥವಂತೆ. ಸೂರಾಡನಿಗೆ ಇನ್ನೂ ಮೀಸೆಯೇ ನೆಟ್ಟಗೆ ಬಂದಿರಲಿಲ್ಲ. ಇವರು ಹಿರಿಯರಾದರೆ ನಮ್ಮ ಅತ್ತೆಯನ್ನು ಏನೆಂದು ಕರೆಯೋಣ ಎಂದು ಗಂಡನ ಕಿವಿಯಲ್ಲಿ ಹೇಳಿದೆ. ಅನಿಲ್ ನಗಲಿಲ್ಲ. ನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದವನಿಗೆ ನಗುವಷ್ಟು ಜೀವ ಉಳಿದಿರುವುದಿಲ್ಲ.

ಅವರು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಮಿಷನರಿಗಳು. ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿಗೆ ಹೋಗಿ, ಕೇಳುವ ಮನಸ್ಸಿದ್ದವರಿಗೆ ತಮ್ಮ ಧರ್ಮದ ವಿಷಯ ಹೇಳುವುದು ಅವರ ಕೆಲಸ. ಆ ಎರಡು ವರ್ಷ ಸಂಬಳವಿಲ್ಲ, ಸಿನಿಮಾ ಇಲ್ಲ, ಎಲ್ಲಿಗೂ ಒಬ್ಬನೇ ಹೋಗುವ ಹಾಗಿಲ್ಲ. ಅಂಗಡಿಗೆ ಉಪ್ಪು ತರಲೂ ಇಬ್ಬರು ಹೊರಡುವುದನ್ನು ನೋಡಿ ನಮ್ಮ ಅತ್ತೆ, “ಅಷ್ಟೊಂದು ಭಾರಾನಾ ಉಪ್ಪು?” ಎಂದು ಕೇಳಿದ್ದರು.

ಅತ್ತೆ ಭಾರತಮ್ಮ ಬಿಲ್ಲೆಯ ಹೆಸರನ್ನು ಒಪ್ಪುವ ಹೆಂಗಸಲ್ಲ. “ಅದು ಆಫೀಸಿನ ಹೆಸರು. ನಿಮ್ಮಮ್ಮ ಏನಂತ ಕರೀತಾಳೆ ಅದನ್ನ ಹೇಳು” ಎಂದು ಸೂರಾಡನನ್ನು ಮೆಟ್ಟಿಲ ಮೇಲೇ ತಡೆದು ಕೇಳಿದರು. ಹುಡುಗ ಜೊತೆಗಾರನ ಮುಖ ನೋಡಿ, ನೂಕರಾಜು ಎಂದ. ಅವತ್ತಿನಿಂದ ನಮಗೆಲ್ಲ ರಾಜು. ಕಾಕಿನಾಡದ ಹತ್ತಿರ ಸಮುದ್ರದ ದಂಡೆಯ ಊರು, ಬೆಸ್ತರ ಮನೆ. ಮೊದಲು ಮಾಲೂರಿನಲ್ಲಿದ್ದು ಅಲ್ಲಿಂದ ಕೋಲಾರಕ್ಕೆ ವರ್ಗವಾಗಿ ಬಂದಿದ್ದ. ಅವನ ಮಾತು ತೆಲುಗು. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳ ಮಾತೂ ಅದೇ ಆದ್ದರಿಂದ ಅತ್ತೆಗೂ ಅವನಿಗೂ ಬೇಗ ಕುದುರಿತು.

ಕುದುರುವ ಮುಂಚೆ ಒಂದು ಜಗಳವಾಯಿತು, ಕಾಫಿಯ ಮೇಲೆ. ಅತ್ತೆ ಎರಡು ಲೋಟ ಕಾಫಿ ಹಿಡಿದು ಮಹಡಿ ಹತ್ತಿದರು. ಹುಡುಗರು ಕೈಮುಗಿದು ಬೇಡವೆಂದರು. ಅತ್ತೆ ಉರಿದುಕೊಂಡು ಇಳಿದು ಬಂದು, “ನಮ್ಮನೇಲಿ ಕಾಫಿ ಬೇಡ ಅಂದೋರು ಹೆಣ್ಣು ನೋಡಕ್ಕೆ ಬಂದು ಒಪ್ಪದೆ ಹೋದೋರು ಮಾತ್ರ” ಎಂದು ಲೋಟ ಕುಕ್ಕಿದರು. ಕಾಫಿ, ಟೀ, ಬೀಡಿ, ಹೆಂಡ ಯಾವುದೂ ಅವರ ಧರ್ಮಕ್ಕೆ ಆಗದು ಎಂದು ಆಮೇಲೆ ತಿಳಿಯಿತು. ಮಾರನೆಯ ದಿನ ಅತ್ತೆ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕಳಿಸಿದರು. ಲೋಟಗಳು ತೊಳೆದು ವಾಪಸ್ಸು ಬಂದವು. ಅಲ್ಲಿಗೆ ಜಗಳ ಮುಗಿಯಿತು.

ನಮ್ಮ ಮನೆ ಇರುವುದು ಕೋಲಾರ ದಾಟಿ ಶ್ರೀನಿವಾಸಪುರದ ರಸ್ತೆಯಲ್ಲಿ. ಹಿತ್ತಲಿಗೆ ಹಿಪ್ಪುನೇರಳೆ ತೋಟ. ತೋಟಕ್ಕೂ ಮನೆಗೂ ನಡುವೆ ರೇಷ್ಮೆ ಹುಳದ ಮನೆ. ಅದು ಅತ್ತೆಯ ರಾಜ್ಯ. ಅದರ ಬಾಗಿಲಿಗೆ ಅಡ್ಡವಾಗಿ ದಿನವೂ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಚಪ್ಪಲಿ ಆಚೆ, ಸೆಂಟು ಪೌಡರು ಆಚೆ, ಬೀಡಿ ಸೇದಿದವರು ಆಚೆ. ಇದೆಲ್ಲ ರೇಷ್ಮೆ ಇಲಾಖೆಯವರೂ ಹೇಳುವುದೇ. ಅವರು ಹೇಳದ ನಿಯಮವೂ ಅತ್ತೆಯ ಹತ್ತಿರ ಒಂದಿದೆ: ಸೂತಕದವರು ಆ ಗೆರೆ ದಾಟುವಂತಿಲ್ಲ. ಸಾವಿನ ಮನೆಯ ಗಾಳಿ ತಗುಲಿದರೆ ಹುಳ ಗೂಡು ಕಟ್ಟದೆ ಸಾಯುತ್ತದೆ ಎಂಬುದು ಅವರ ಖಂಡಿತವಾದ ನಂಬಿಕೆ. ತಮ್ಮ ತಾಯಿ ತೀರಿಕೊಂಡಾಗ ಹನ್ನೊಂದು ದಿನ ಹೊರಗೇ ನಿಂತು, ಕಿಟಕಿಯಿಂದ ನನಗೆ ಬೈಯುತ್ತಾ ಹುಳ ಸಾಕಿಸಿದ್ದರು. ಆ ಹನ್ನೊಂದು ದಿನ ನಾನು ತಿಂದಷ್ಟು ಬೈಗುಳ ನಮ್ಮ ತವರಿನಲ್ಲಿ ಹುಟ್ಟಿದಾಗಿನಿಂದ ತಿಂದಿರಲಿಲ್ಲ.

ವಾರದಲ್ಲಿ ಒಂದಿಷ್ಟು ಹೊತ್ತು ಯಾರಿಗಾದರೂ ಕೈಕೆಲಸ ಮಾಡಿಕೊಡಬೇಕೆನ್ನುವುದು ಆ ಹುಡುಗರ ಪದ್ಧತಿ. ಸೊಪ್ಪು ಹೊರಲು ಬರುತ್ತೇವೆ ಎಂದರು. ಮೊದಲ ದಿನ ಅತ್ತೆ ರಾಜುವಿನ ಕತ್ತಿನ ಹತ್ತಿರ ಮೂಸಿ, “ಏನೋ ಬಳ್ಕೊಂಡು ಬಂದಿದ್ದೀಯಾ? ನನ್ನ ಹುಳ ಸಾಯಿಸ್ತೀಯೇನೋ? ಹೋಗು, ಸ್ನಾನ ಮಾಡ್ಕೊಂಡು ಬಾ” ಎಂದು ಅಟ್ಟಿದರು. ಅವನು ಹೋಗಿ ಮಿಂದು ಬಂದ. ಅತ್ತೆ ಬಾಗಿಲಲ್ಲಿ ನಿಂತು ಒಂದೊಂದೇ ನಿಯಮ ಹೇಳಿದರು. ಜೆಬರಾಜ್ ಸುಮ್ಮನೆ ತಲೆಯಾಡಿಸಿದ. ಸೂತಕದ ಮಾತು ಬಂದಾಗ ರಾಜುವಿನ ಮುಖ ಅರಳಿತು.

“ನಮ್ಮ ನಾನ್ನನೂ ಹೀಗೇ ಅಮ್ಮ. ನಮ್ಮೋರಲ್ಲಿ ಯಾರಾದ್ರೂ ಹೋದ್ರೆ ಬಲೆ ಮುಟ್ಟಲ್ಲ, ದೋಣಿ ಹತ್ತಲ್ಲ. ಗಂಗಮ್ಮ ಒಪ್ಪಲ್ಲ ಅಂತಾರೆ.”

ನಾನ್ನ ಎಂದರೆ ಅಪ್ಪ. ಹೆಸರು ಪೋಲಯ್ಯ. ತಾಯಿ ಮಗ ಇಬ್ಬರೂ ಚರ್ಚಿಗೆ ಸೇರಿದರೂ ಪೋಲಯ್ಯ ಸೇರಲಿಲ್ಲ. ನಿಮ್ಮ ದೇವರು ನಿಮಗೆ, ನನ್ನ ಸಮುದ್ರ ನನಗೆ ಎಂದನಂತೆ. ಮಗ ಎರಡು ವರ್ಷ ಮಿಷನ್ನಿಗೆ ಹೊರಟಾಗ ಮಾತ್ರ ರೇಗಿದ. ದೋಣಿಯಲ್ಲಿ ಅವನ ಪಕ್ಕ ಬಲೆ ಎಳೆಯುವವನು ಮಗನೇ. ಸ್ಟೇಷನ್ನಿಗೆ ಬಿಡಲೂ ಅವನು ಬರಲಿಲ್ಲ. ಹೊರಟ ಮೇಲೆ ವಾರವಾರ ತಾಯಿ ವಿಡಿಯೋ ಕರೆ ಮಾಡುವಾಗ ಪೋಲಯ್ಯ ಹಿಂದೆ ಕೂತು ಬಲೆ ಹೆಣೆಯುತ್ತಿರುವುದು ಕಾಣುತ್ತಿತ್ತಂತೆ, ಮಾತು ಮಾತ್ರ ಇಲ್ಲ. ಕ್ರಿಸ್‌ಮಸ್ಸಿಗಾದರೂ ಮಾತಾಡಿಸುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು. ಸೊಪ್ಪು ಹರವುತ್ತಾ ರಾಜು ಇದನ್ನು ಹೇಳುವಾಗ ಅವನ ದನಿಯಲ್ಲಿ ದೂರಿರಲಿಲ್ಲ, ಆಸೆ ಇತ್ತು.

ಡಿಸೆಂಬರಿನ ನಡುವೆ ಬಂಗಾಳ ಕೊಲ್ಲಿಯಲ್ಲಿ ತುಫಾನು ಎದ್ದಿತು. ಅದರ ಸೆರಗು ನಮ್ಮ ಕೋಲಾರಕ್ಕೂ ಬಡಿದು ಹಗಲೂ ರಾತ್ರಿ ಜಿಟಿಜಿಟಿ ಹಿಡಿಯಿತು. ನಮ್ಮ ಹುಳ ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದರಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಒದ್ದೆ ಸೊಪ್ಪು ಹಾಕಿದರೆ ಕೆಟ್ಟು ಹೋಗುತ್ತದೆ. ಅತ್ತೆ ಸೊಪ್ಪಿನ ಕಡ್ಡಿಗಳನ್ನೆಲ್ಲ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಹರವಿ, ಬಾಯಿಗೆ ಬಂದಂತೆ ಸಮುದ್ರವನ್ನು ಬೈಯುತ್ತಿದ್ದರು. “ಮಾಡೋಕೆ ಬೇರೆ ಕ್ಯಾಮೆ ಇಲ್ವಾ ಆ ಹಾಳು ಸಮುದ್ರಕ್ಕೆ? ಅಲ್ಲಿಂದ ಇಲ್ಲಿಗೆ ಬಂದು ನನ್ನ ಸೊಪ್ಪು ನೆನೆಸ್ಬೇಕಾ?”

ರಾಜು ಮೆಟ್ಟಿಲ ಕೊನೆಯಲ್ಲಿ ನಿಂತಿದ್ದ. ಟೈ ಇರಲಿಲ್ಲ.

“ಅಮ್ಮಾ, ನಮ್ಮ ನಾನ್ನ ಆ ಸಮುದ್ರದಲ್ಲೇ ಇದ್ದಾರೆ” ಎಂದ.

ಪೋಲಯ್ಯನ ದೋಣಿ ತುಫಾನಿನ ಸುದ್ದಿ ಬರುವ ಮುಂಚೆಯೇ ಹೊರಟಿತ್ತು. ಉಳಿದ ದೋಣಿಗಳೆಲ್ಲ ಹೇಗೋ ದಂಡೆ ಮುಟ್ಟಿದ್ದವು. ಅದೊಂದು ಬಂದಿರಲಿಲ್ಲ. ಅತ್ತೆ ಬೈಗುಳ ನುಂಗಿಕೊಂಡು, ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು, ಅವನನ್ನು ಎಳೆದು ಕೂರಿಸಿ ಮಜ್ಜಿಗೆ ಕುಡಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಮಳೆಯನ್ನು ಯಾರೂ ಬೈಯಲಿಲ್ಲ.

ಬೆಂಗಳೂರಿನಲ್ಲಿದ್ದ ಅವರ ಮಿಷನ್ನಿನ ಅಧ್ಯಕ್ಷರು ಫೋನು ಮಾಡಿ, ಊರಿಗೆ ಹೋಗುವುದಾದರೆ ಈಗಲೇ ಹೋಗು, ಟಿಕೆಟ್ ಮಾಡಿಸುತ್ತೇವೆ ಎಂದರು. ಬೇಡವೆಂದವಳು ತಾಯಿ. “ನೀನು ಬಂದ್ರೆ ಊರೋರೆಲ್ಲ ಏನಂದ್ಕೋತಾರೆ? ಕರ್ಮ ಮಾಡೋಕೆ ಮಗ ಬಂದ ಅಂತಾರೆ. ಬರಬೇಡ. ಕ್ರಿಸ್‌ಮಸ್ ದಿನ ಮಧ್ಯಾಹ್ನ ನಾನೇ ಫೋನು ಮಾಡ್ತೀನಿ. ಅಷ್ಟರಲ್ಲಿ ಅವರೂ ಬಂದಿರ್ತಾರೆ, ಇಬ್ಬರೂ ಕೂತು ಮಾತಾಡ್ತೀವಿ.” ರಾಜು ಇದನ್ನು ನಮಗೆ ಹೇಳಿ, “ನಾನಿದ್ದಿದ್ರೆ ಮೋಡ ನೋಡಿ ಬೇಡ ಅಂತಿದ್ದೆ. ನಾನ್ನನಿಗೆ ಈಗ ದೂರದ್ದು ಸರಿಯಾಗಿ ಕಾಣಲ್ಲ” ಎಂದ.

ಅವನು ಬಿಲ್ಲೆ ಚುಚ್ಚಿಕೊಂಡು ಜೊತೆಗಾರನೊಂದಿಗೆ ಎಂದಿನಂತೆ ಊರೊಳಗೆ ಹೋಗುತ್ತಿದ್ದ. ಬಂದು ಬಟ್ಟೆ ಬದಲಿಸಿ ಹುಳದ ಮನೆಗೆ ಬರುತ್ತಿದ್ದ. ಅತ್ತೆ ಹುಬ್ಬೆತ್ತುತ್ತಿದ್ದರು. ಅವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಅಷ್ಟೇ ಮಾತು. ಆಮೇಲೆ ಇಬ್ಬರೂ ಸೊಪ್ಪು ಹಾಕುತ್ತಿದ್ದರು. ಹುಳ ಮೇಯುವಾಗ ಸಣ್ಣ ಮಳೆಯ ಹಾಗೆ ಸದ್ದು ಬರುತ್ತದೆ. ರಾಜು ಒಮ್ಮೊಮ್ಮೆ ಕಡ್ಡಿ ಹಿಡಿದುಕೊಂಡೇ ಆ ಸದ್ದು ಕೇಳುತ್ತಾ ನಿಂತುಬಿಡುತ್ತಿದ್ದ.

ಈ ನಡುವೆ ಹೋಳೂರಿನಿಂದ ಅಶ್ವತ್ಥಪ್ಪ ಮಾವ ಬಂದ. ಅತ್ತೆಯ ತಮ್ಮ. ಎಲ್ಲಿ ಹೊಗೆ ಇಲ್ಲವೋ ಅಲ್ಲಿ ಊದುವ ಮನುಷ್ಯ. ಹುಡುಗರು ಹುಳದ ಮನೆಯಿಂದ ಹೊರಬರುವುದನ್ನು ಕಂಡವನೇ ಶುರು ಮಾಡಿದ.

“ಏನಕ್ಕಾ, ಅವರನ್ನ ಒಳಗೆ ಬಿಟ್ಕೊಂಡಿದ್ದೀಯಾ? ನಾಳೆ ನಿಮ್ಮನ್ನೆಲ್ಲ ಅವರ ಮತಕ್ಕೆ ಸೇರಿಸ್ಕೊಂಡ್ರೆ ಏನ್ ಮಾಡ್ತೀಯಾ?”

“ನನ್ನ ಸಾರಿನ ಉಪ್ಪು ಬದಲಾಯಿಸೋಕೆ ಇಷ್ಟು ವರ್ಷ ನಿಮ್ಮ ಭಾವನ ಕೈಲಾಗಿಲ್ಲ. ಈ ಮಕ್ಕಳು ನನ್ನ ದೇವರನ್ನ ಬದಲಾಯಿಸ್ತಾರಾ? ಹೋಗೋ.”

“ಅದಿರ್ಲಿ. ಆ ಹುಡುಗನ ಅಪ್ಪ ಸಮುದ್ರದಲ್ಲಿ ಹೋದ್ನಂತಲ್ಲ. ಸೂತಕ ಅಲ್ವಾ?”

“ಹೋದ ಅಂತ ಯಾರೋ ಹೇಳಿದ್ದು ನಿಂಗೆ? ಬಂದಿಲ್ಲ, ಅಷ್ಟೇ.” ಅತ್ತೆಯ ದನಿ ಏರಿತು.

“ಈ ಸಲ ಹುಳಕ್ಕೆ ಏನಾದ್ರೂ ಆದ್ರೆ ಊರಲ್ಲಿ ಸುಮ್ನೆ ಇರಲ್ಲ ಅಕ್ಕ. ಆಮೇಲೆ ಆ ಹುಡುಗ್ರು ಮಹಡಿ ಮೇಲೆ ಇರೋದೂ ಕಷ್ಟ ಆಗುತ್ತೆ. ಹೇಳಿದೀನಿ ಅಷ್ಟೆ.”

ಅವನು ಹೋದ ಮೇಲೆ ಅತ್ತೆ ಗೆರೆಯ ಮೇಲೆ ಇನ್ನೊಂದು ಸಲ ಸುಣ್ಣ ಉದುರಿಸಿದರು. ಆ ಮಾತು ಅವರಿಗೆ ನಾಟಿತ್ತು. ಅಶ್ವತ್ಥಪ್ಪ ಮಾವನ ಬಾಯಿ ಹೋಳೂರಿನ ಬಸ್‌ಸ್ಟ್ಯಾಂಡು, ಅಲ್ಲಿ ಹತ್ತಿದ ಮಾತು ಎಲ್ಲ ಊರಿಗೂ ಹೋಗುತ್ತದೆ. ನನಗೂ ಭಯವಾಯಿತು, ಹುಳದ ಬಗ್ಗೆ ಅಲ್ಲ, ಹುಡುಗರ ಬಗ್ಗೆ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಜೆಬರಾಜ್ ಮಹಡಿಯ ಕಂಬಿಗೆ ಒಂದು ಕಾಗದದ ನಕ್ಷತ್ರ ಕಟ್ಟಿದ. ರಾಜು ಅದರೊಳಗೆ ಬಲ್ಬು ಹಾಕಿಸಲಿಲ್ಲ. ನಾಳೆ ಫೋನು ಬಂದ ಮೇಲೆ ಹಾಕೋಣ ಎಂದನಂತೆ.

ಬೆಳಗಾಗುವ ಹೊತ್ತಿಗೆ ನಮ್ಮ ಹುಳ ಹಣ್ಣಾಗಿತ್ತು, ಅದೂ ಎಲ್ಲ ಒಟ್ಟಿಗೆ. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ. ಮೈ ಹಳದಿಯಾಗಿ ಹೊಳೆಯುತ್ತದೆ, ತಲೆ ಎತ್ತಿ ಆಕಡೆ ಈಕಡೆ ಆಡಿಸುತ್ತಾ ನೂಲು ಬಿಡಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಕಟ್ಟಿದ ಗೂಡಿನ ಮನೆ. ತಡ ಮಾಡಿದರೆ ಹುಳ ಕಸದಲ್ಲೇ ನೂಲು ಬಿಟ್ಟು ಬೆಳೆಯೆಲ್ಲ ಹಾಳು. ಕೂಲಿಯವರನ್ನು ಕರೆತರಲು ಹೋಳೂರಿಗೆ ಹೋದ ನಮ್ಮ ಮಾವ ಚನ್ನರಾಯಪ್ಪನವರು ಖಾಲಿ ಟೆಂಪೋದಲ್ಲಿ ವಾಪಸ್ಸು ಬಂದರು. ಅಲ್ಲೂ ಎರಡು ಮನೆಯ ಹುಳ ಅದೇ ದಿನ ಹಣ್ಣಾಗಿತ್ತು. ಅನಿಲ್‌ಗೆ ರಜೆ ಸಿಗಲಿಲ್ಲ. ಟೆಂಪೋದಿಂದ ಇಳಿದವನು ಅಶ್ವತ್ಥಪ್ಪ ಮಾವ ಒಬ್ಬನೇ.

“ರಂಜಿತಾ, ಆ ಹುಡುಗ್ರನ್ನ ಕೂಗೇ” ಎಂದರು ಅತ್ತೆ. “ಹಬ್ಬದ ದಿನ ಕೆಲಸಕ್ಕೆ ಕರೀಬಾರ್ದು. ಆದ್ರೂ ಕೂಗು.”

ಕೂಗುವ ಮೊದಲೇ ಇಬ್ಬರೂ ಇಳಿದು ಬಂದರು. ಊರೊಳಗಿನ ಚರ್ಚಿನ ಗಂಟೆ ಕೇಳಿಸುತ್ತಿತ್ತು. ಆ ಚರ್ಚು ಇವರದಲ್ಲ, ಅಲ್ಲಿನವರು ಇವರನ್ನು ತಮ್ಮವರೆನ್ನುವುದೂ ಇಲ್ಲ. ಜೆಬರಾಜ್ ಕಾಲು ತೊಳೆದು ಗೆರೆ ದಾಟಿ ಒಳಗೆ ಬಂದ. ರಾಜು ಗೆರೆಯ ಆಚೆ ನಿಂತ.

“ಏನ್ಲಾ ನಿಂತ್ಕೊಂಡೆ? ಬಾರೋ, ಹುಳ ಕಸಕ್ಕೆ ಬೀಳ್ತಾ ಇವೆ!” ಅತ್ತೆ ಕೂಗಿದರು.

“ನಾನು ಹೊರಗೇ ಇರ್ತೀನಮ್ಮ. ಚಂದ್ರಿಕೆ ತಂದು ಕೊಡ್ತೀನಿ. ಕಸ ಹೊರ್ತೀನಿ.”

“ಅದಕ್ಕೆಲ್ಲ ಅವರಿಬ್ಬರು ಇದ್ದಾರೆ. ಇಲ್ಲಿ ಒಳಗೆ ಬೇಕು ನಂಗೆ, ಕೈ!”

ಅವನು ಅಲುಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಕಣ್ಣು ಕೆಂಪಾಗಿತ್ತು. ಅತ್ತೆ ಹುಳದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅವರ ಸಿಟ್ಟು ಅರ್ಧ ದಾರಿಯಲ್ಲೇ ಇಳಿದಿರಬೇಕು, ಬಾಗಿಲು ಮುಟ್ಟುವಷ್ಟರಲ್ಲಿ ದನಿ ತಗ್ಗಿತ್ತು.

“ಏನಾಯ್ತೋ?”

“ರಾತ್ರಿ ಮಾವಯ್ಯ, ನಮ್ಮಮ್ಮನ ತಮ್ಮ, ಫೋನು ಮಾಡಿದ್ರು. ದೋಣಿಯ ಹಲಗೆ ಸಿಕ್ಕಿದೆಯಂತೆ ಅಮ್ಮ. ನಮ್ಮ ದೋಣಿಯದೇ, ಬಣ್ಣ ನಾನೇ ಬಳಿದಿದ್ದು. ಒರಿಸ್ಸಾ ಕಡೆ ದಂಡೆಗೆ ಬಂದಿದೆ.” ಅವನು ಕಾಲ ಮುಂದಿನ ಗೆರೆ ನೋಡಿದ. “ನಾನ್ನ ಸಿಕ್ಕಿಲ್ಲ. ನಂಗೆ ಸೂತಕ ಇದೆಯೋ ಇಲ್ವೋ ಗೊತ್ತಿಲ್ಲ. ಇದ್ರೆ, ನಾನು ಒಳಗೆ ಬಂದ್ರೆ, ನಿಮ್ಮ ಹುಳ…”

ಅವನ ಧರ್ಮದಲ್ಲಿ ಸೂತಕವೆಂಬುದೇ ಇಲ್ಲ. ಇದ್ದದ್ದು ಅತ್ತೆಯ ಬಾಗಿಲಲ್ಲಿ, ಮತ್ತೆ ಅವನಪ್ಪನ ದೋಣಿಯಲ್ಲಿ.

ಅಂಗಳದಲ್ಲಿ ಚಂದ್ರಿಕೆ ಇಳಿಸುತ್ತಿದ್ದ ಅಶ್ವತ್ಥಪ್ಪ ಮಾವ ಹೇಳಿದ, “ಹುಡುಗ ಸರಿಯಾಗೇ ಹೇಳ್ತಾವ್ನೆ ಅಕ್ಕ. ಬೇಡ. ಕಷ್ಟವೋ ಸುಖವೋ ನಾವೇ ಆರಿಸ್ಕೊಳ್ಳೋಣ.”

ಅತ್ತೆ ತಮ್ಮನ ಕಡೆ ತಿರುಗಲಿಲ್ಲ. ತಟ್ಟೆಯೊಳಗೆ ಹುಳಗಳು ತಲೆ ಎತ್ತಿ ಆಡುತ್ತಿದ್ದವು. ಒಂದು ಬೆಳೆ ಪೂರ್ತಿ ಅವರ ಬೆನ್ನ ಹಿಂದಿತ್ತು, ನಿದ್ದೆ ಬಿಟ್ಟು ಸಾಕಿದ್ದು. ಅವರು ಆ ನಿಯಮವನ್ನು ಎಷ್ಟು ನಂಬುತ್ತಾರೆಂದು ನನಗೆ ಗೊತ್ತು. ಅದಕ್ಕೇ ಅವರ ಮುಖ ನೋಡಲು ನನಗೆ ಹೆದರಿಕೆಯಾಯಿತು.

“ಸುದ್ದಿ ಬಂತಾ, ಹೋದ್ರು ಅಂತ?” ಅತ್ತೆ ಕೇಳಿದರು.

“ಇಲ್ಲ.”

“ಯಾರಾದ್ರೂ ಕಣ್ಣಲ್ಲಿ ನೋಡಿದ್ರಾ?”

“ಇಲ್ಲಮ್ಮ.”

“ನಿಮ್ಮಮ್ಮ ಏನಂದ್ಳು?”

“ಕಾಯ್ತಾ ಇದೀನಿ ಅಂದ್ಲು. ಮಧ್ಯಾಹ್ನ ಫೋನು ಮಾಡ್ತೀನಿ ಅಂದ್ಲು.”

“ಕಟ್ಕೊಂಡೋಳು ಕಾಯ್ತಾ ಇದ್ದಾಳೆ. ಮಗ ಆಗಿ ನೀನ್ಯಾರೋ ಅವನನ್ನ ಸಾಯಿಸೋಕೆ? ಒಡೆದಿರೋದು ಹಲಗೆ, ಮನುಷ್ಯ ಅಲ್ಲ. ನಿಂಗೆ ಸೂತಕ ಇಲ್ಲ. ಲೋಪಲಿಕಿ ರಾ. ಒಳಗೆ ಬಾ.”

“ಅಮ್ಮಾ, ಹುಳಕ್ಕೆ ಏನಾದ್ರೂ ಆದ್ರೆ…”

“ಹುಳ ನಂದು. ನೀನು ಹೊರಗೆ ನಿಂತಷ್ಟು ಹೊತ್ತೂ ನಿಮ್ಮಪ್ಪ ಸತ್ತ ಅಂತ ನೀನೇ ಒಪ್ಕೊಂಡ ಹಾಗೆ. ಒಪ್ಕೊಳ್ತೀಯಾ?”

ಹುಡುಗ ಇಲ್ಲವೆಂದು ತಲೆಯಾಡಿಸಿದ. ಕಾಲು ತೊಳೆದು, ಗೆರೆ ತುಳಿಯದಂತೆ ಎತ್ತಿ ಹೆಜ್ಜೆ ಇಟ್ಟು, ಒಳಗೆ ಬಂದ. ಅತ್ತೆ ಅವನ ಕೈಗೆ ತಟ್ಟೆ ಕೊಟ್ಟು ಏನೂ ಆಗದವರಂತೆ ಮೂಲೆಯ ಸಾಲಿಗೆ ಹೋದರು.

ಫೋನನ್ನು ಕಿಟಕಿಯ ದಂಡೆಯ ಮೇಲಿಟ್ಟು ರಾಜು ಕೆಲಸಕ್ಕೆ ಇಳಿದ. ಹುಳ ಆರಿಸುವ ಕೆಲಸದಲ್ಲಿ ಮಾತು ಬೇಡ, ಕಣ್ಣು ಬೇಕು. ನಾವೆಲ್ಲ ಕಣ್ಣನ್ನು ಹುಳದ ಮೇಲಿಟ್ಟು ಕಿವಿಯನ್ನು ಕಿಟಕಿಗೆ ಕೊಟ್ಟಿದ್ದೆವು. ಒಂದು ಸಲ ಫೋನು ಬಡಿದುಕೊಂಡಿತು. ಎಲ್ಲರ ಕೈಯೂ ನಿಂತಿತು. ಅದು ನನ್ನದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಊಟ ಆಯಿತಾ ಎಂದು ಅನಿಲ್. ಇಂಥ ಹೊತ್ತಿನಲ್ಲಿ ಊಟದ ವಿಚಾರ ಕೇಳಿದ್ದಕ್ಕೆ ಅವನಿಗೆ ಸಂಜೆ ತನಕ ಸಾಲುವಷ್ಟು ಬೈದು ಫೋನಿಟ್ಟೆ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟಿದ್ದದ್ದು ಅತ್ತೆಯ ಮೇಲೆ. ಹುಡುಗ ಹೊರಗೆ ನಿಂತು ತಾನೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅವನನ್ನು ಒಳಗೆ ಎಳೆದು ಮತ್ತೆ ಆಸೆ ಹತ್ತಿಸಿದರಲ್ಲ, ಆ ಆಸೆ ಮುರಿದರೆ ಯಾರು ಹೊಣೆ? ಅತ್ತೆಯದು ಧೈರ್ಯವೋ ಮೊಂಡುತನವೋ ನನಗೆ ತಿಳಿಯಲಿಲ್ಲ. ಅವರು ಮಾತ್ರ ಅವನ ಪಕ್ಕದ ಸಾಲಿಗೇ ಬಂದು ನಿಂತು, ಅವನ ಕಣ್ಣಿಗೆ ತಪ್ಪಿದ ಹುಳಗಳನ್ನು ಆರಿಸುತ್ತಿದ್ದರು. ಅಂದು ರಾಜುವಿನ ಕಣ್ಣಿಗೆ ತುಂಬ ತಪ್ಪಿದವು.

ಜೆಬರಾಜ್ ಮೆಲ್ಲಗೆ ಯಾವುದೋ ಕ್ರಿಸ್‌ಮಸ್ ಹಾಡಿನ ರಾಗ ಗುನುಗಿ, ಥಟ್ಟನೆ ನಿಲ್ಲಿಸಿದ.

“ನಿಲ್ಲಿಸ್ಬೇಡ, ಹಾಡು” ಎಂದರು ಅತ್ತೆ. “ನಿಮ್ಮ ಹಬ್ಬ ಅಲ್ವಾ.”

ಅವನು ತಮಿಳಿನಲ್ಲಿ ಹಾಡಿದ. ರಾಜು ಜೊತೆಗೂಡಲಿಲ್ಲ, ಆದರೆ ಅವನ ಬೆರಳು ಸ್ವಲ್ಪ ಚುರುಕಾಯಿತು. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು. ಫೋನು ಬರಲಿಲ್ಲ. ಯಾರೂ ಊಟಕ್ಕೆ ಏಳಲಿಲ್ಲ. ಕೊನೆಯ ಎರಡು ಸಾಲು ಉಳಿದಿದ್ದಾಗ ಕಿಟಕಿಯ ಮೇಲೆ ಫೋನು ಬೆಳಗಿತು.

ರಾಜು ಅದನ್ನೆತ್ತಿಕೊಂಡು ಬಾಗಿಲ ಕಡೆ ಹೊರಟ.

“ಇಲ್ಲೇ ಮಾತಾಡು” ಎಂದರು ಅತ್ತೆ. ಆಜ್ಞೆ ಮಾಡಿದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ಅವನು ಅಲ್ಲೇ ನಿಂತ. ಫೋನು ಕಿವಿಗಿಟ್ಟ. ಆ ಕಡೆ ಹೆಂಗಸೊಬ್ಬಳ ದನಿ ಕೇಳಿಸಿತು, ಆಮೇಲೆ ಗಂಡಸಿನ ದನಿ. ಮಾತು ನಮ್ಮ ತನಕ ಸ್ಪಷ್ಟವಾಗಿ ಬರಲಿಲ್ಲ. ರಾಜು “ಊಂ” ಎಂದ. ಮತ್ತೆ “ಊಂ” ಎಂದ. “ಅಮ್ಮನ್ನ ಒಬ್ಬಳನ್ನೇ ಬಿಡಬೇಡಿ ಮಾವಯ್ಯ” ಎಂದು ಫೋನನ್ನು ಜೇಬಿಗೆ ಹಾಕಿಕೊಂಡ. ಎಡಗೈಯಲ್ಲಿ ಇನ್ನೂ ಹಣ್ಣು ಹುಳಗಳಿದ್ದವು. ಅವನು ಚಂದ್ರಿಕೆಯ ಹತ್ತಿರ ಹೋಗಿ ಅವನ್ನು ಒಂದೊಂದಾಗಿ, ಮೈ ನೋಯದಂತೆ ಬಿಟ್ಟ. ಆಮೇಲೆ ಬಾಗಿಲಿಗೆ ನಡೆದು, ಸುಣ್ಣದ ಗೆರೆ ಅಳಿಸದ ಹಾಗೆ ಕಾಲೆತ್ತಿ ದಾಟಿ, ಅಂಗಳ ಕಳೆದು, ದೂರದ ನೀರಿನ ತೊಟ್ಟಿಯ ತನಕ ಹೋದ. ಅಲ್ಲಿ ಕುಸಿದು ಕೂತು ಬಾಯಿಬಿಟ್ಟು ಕೂಗಿದ. “ನಾನ್ನಾ” ಎಂದು ಒಂದೇ ಕೂಗು.

ಪೋಲಯ್ಯನ ದೇಹ ಶ್ರೀಕಾಕುಳಂ ಕಡೆ ಸಿಕ್ಕಿತ್ತು. ಅದನ್ನು ಜೆಬರಾಜ್ ಆಮೇಲೆ ಹೇಳಿದ. ಆದರೆ ಹುಡುಗ ಗೆರೆ ದಾಟಿ ಹೊರಗೆ ಹೋದಾಗಲೇ ನಮಗೆಲ್ಲ ಗೊತ್ತಾಗಿಹೋಗಿತ್ತು.

ಜೆಬರಾಜ್ ಅವನ ಹಿಂದೆ ಓಡಿದ. ಅತ್ತೆ ತಟ್ಟೆ ಹಿಡಿದು ಬಾಗಿಲ ತನಕ ಬಂದಿದ್ದರು. ಅಶ್ವತ್ಥಪ್ಪ ಮಾವ ಬಾಯಿ ತೆರೆಯುವುದು ಕಂಡಿತು. ಅವನು ಏನಾದರೂ ಅಂದರೆ ಚಂದ್ರಿಕೆ ಎತ್ತಿ ಅವನ ತಲೆಗೆ ಹಾಕುವವಳೇ ನಾನು. ಅಷ್ಟರಲ್ಲಿ ಅತ್ತೆ ತಟ್ಟೆಯನ್ನು ಅವನ ಕೈಗಿತ್ತರು.

“ಹಿಡ್ಕೊ. ಇನ್ನೆರಡು ಸಾಲಿದೆ.”

“ಅಕ್ಕಾ, ನೀನು ಹೋಗಿ ಅವನನ್ನ ಮುಟ್ಟಿದ್ರೆ ಮತ್ತೆ ಒಳಗೆ ಬರೋ ಹಾಗಿಲ್ಲ.”

“ಆ ನಿಯಮ ಮಾಡಿದೋಳು ನಾನು” ಎಂದು ಅತ್ತೆ ಹೊರಗೆ ನಡೆದರು. ಅವರ ಕಾಲಿಗೆ ಸಿಕ್ಕಿ ಗೆರೆ ಅಳಿಸಿತು. ಒದ್ದೆ ನೆಲದಲ್ಲಿ ಕೂತು, ಹುಡುಗನ ತಲೆಯನ್ನು ತೊಡೆಗೆಳೆದುಕೊಂಡು, “ಏಡ್ವು ನಾಯನಾ, ಏಡ್ವು” ಎಂದರು. ಅಳು ಮಗನೇ, ಅಳು. ತಾವೂ ಅತ್ತರು. ನಾನು ಕಿಟಕಿಯಿಂದ ನೋಡುತ್ತಾ ಹುಳ ಆರಿಸಿದೆ. ಕಣ್ಣು ಮಂಜಾಗಿ ಎಷ್ಟು ಹುಳ ಬಿಟ್ಟೆನೋ ದೇವರಿಗೇ ಗೊತ್ತು. ನನ್ನ ಹಿಂದಿನ ಸಾಲಿನಲ್ಲಿ ಅಶ್ವತ್ಥಪ್ಪ ಮಾವ ಮಾತಿಲ್ಲದೆ ಅವನ್ನು ಆರಿಸುತ್ತಾ ಬಂದ.

ಸಂಜೆ ಬೆಂಗಳೂರಿನಿಂದ ಅವರ ಸಭೆಯವರು ಕಾರು ತಂದರು. ಅತ್ತೆ ಒಂದು ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಟ್ಟು, ರಾಜುವಿನ ಅಂಗಿಯ ಗುಂಡಿ ತಾವೇ ಹಾಕಿ ಕಳಿಸಿದರು. ಕಾರು ಹೋದ ಮೇಲೆ ನಮ್ಮ ಮಾವ, “ನೀರು ಕಾದಿದೆ, ತಲೆಗೆ ಸ್ನಾನ ಮಾಡ್ಕೊಂಡು ಒಳಗೆ ಹೋಗು. ನೀನು ಬರೀ ಮುಟ್ಟಿದ್ದು, ಮಿಂದ್ರೆ ಹೋಯ್ತು” ಎಂದರು.

ಅತ್ತೆ ಏಳಲಿಲ್ಲ.

“ಅವರ ಚರ್ಚಲ್ಲಿ ಸೂತಕ ಹಿಡಿಯೋ ಪದ್ಧತಿ ಇಲ್ವಂತೆ” ಎಂದರು. “ಅವರಪ್ಪ ಚರ್ಚಿನೋನಲ್ಲ, ಗಂಗಮ್ಮನ ಒಕ್ಕಲು. ಅವನಿಗೆ ಅಂತ ಯಾರಾದ್ರೂ ಹಿಡೀಬೇಡ್ವಾ? ನಾನು ಹಿಡೀತೀನಿ.”

ಮಾವ ಹೋಗಿ ನೀರೊಲೆಯ ಸೌದೆ ಹಿಂದಕ್ಕೆಳೆದರು.

ಆರು ದಿನಕ್ಕೆ ಗೂಡು ಬಿಡಿಸುವ ದಿನ ಬಂತು. ಬೆಳೆ ಚೆನ್ನಾಗಿಯೇ ಆಗಿತ್ತು, ಚಂದ್ರಿಕೆಯ ತುಂಬ ಗಟ್ಟಿ ಗೂಡು. ಕೂಲಿಯವರೂ ನಾನೂ ಒಳಗೆ ಬಿಡಿಸುತ್ತಿದ್ದರೆ ಅತ್ತೆ ಸುಣ್ಣದ ಗೆರೆಯ ಆಚೆ ಚಾಪೆ ಹಾಕಿ ಕೂತು, ಹಾಗಲ್ಲ ಹೀಗೆ ಎಂದು ನನಗೆ ಬೈಯುತ್ತಿದ್ದರು. ಆಗ ನನ್ನ ಫೋನಿಗೆ ರಾಜುವಿನ ವಿಡಿಯೋ ಕರೆ ಬಂತು. ಅಪ್ಪನನ್ನು ಮಣ್ಣು ಮಾಡಿದ್ದಾಗಿತ್ತು. ತಾಯಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಉಳಿದ ತಿಂಗಳು ಮುಗಿಸಲು ಬರುತ್ತಾನಂತೆ, ಮುಳಬಾಗಿಲಿಗೆ ಹಾಕಬಹುದಂತೆ. ಇದನ್ನೆಲ್ಲ ಬೇಗ ಬೇಗ ಹೇಳಿ ಅವನು ಕೇಳಿದ್ದು ಒಂದೇ.

“ಅಕ್ಕಾ, ಹುಳ ಏನಾಯ್ತು?”

ನಾನು ಫೋನು ತಿರುಗಿಸಿ ಚಂದ್ರಿಕೆಗಳನ್ನು ತೋರಿಸಿದೆ. ಅವನ ಉಸಿರು ಸಡಿಲವಾದದ್ದು ಕೇಳಿಸಿತು. ಅಮ್ಮ ಎಲ್ಲಿ ಎಂದ. ಬಾಗಿಲಿಗೆ ಹೋಗಿ ಫೋನು ಅತ್ತೆಯ ಕಡೆ ಹಿಡಿದೆ.

“ಅಮ್ಮಾ, ಗೂಡು ಬಿಡಿಸೋ ದಿನ ನೀವ್ಯಾಕೆ ಹೊರಗೆ ಕೂತಿದ್ದೀರಿ?”

“ಚಳಿ ಕಣೋ” ಎಂದರು ಅತ್ತೆ. “ಬಿಸಿಲು ಕಾಯಿಸ್ಕೊಳ್ತಾ ಇದೀನಿ.”

ರಾಜುವಿಗೆ ಆ ಬಾಗಿಲಿನ ನಿಯಮ ಗೊತ್ತಿತ್ತು. ಅವನು ಆ ಕಡೆಯಿಂದ ಅತ್ತೆಯನ್ನೂ ಅವರ ಮುಂದಿನ ಬಿಳಿ ಗೆರೆಯನ್ನೂ ನೋಡಿದ.